ಕುತ್ತಿಗೆಯೊಳಗೆ 7 ಮಿಲಿಮೀಟರ್: ಸಣ್ಣ ಥೈರಾಯ್ಡ್ ಕ್ಯಾನ್ಸರ್ ಸಿಕ್ಕರೆ ಕೊಯ್ಯಬೇಕಾ, ಕಾಯಬೇಕಾ?

(ಆರೋಗ್ಯ ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಅಡುಗೆ ಮಾಡ್ತಾ ಫೋನ್ ಪಕ್ಕಕ್ಕಿಟ್ಟು ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಸಂಚಿಕೆ ನಮ್ಮ ಮನೆಯದ್ದೇ ಒಂದು ವಿಷಯ. ಅಕ್ಕನ ಹತ್ತಿರ ಕೇಳಿಯೇ ಹೇಳ್ತಾ ಇದ್ದೀನಿ. "ಹೆಸರೊಂದು ಬ್ಯಾಡ, ಉಳಿದಿದ್ದು ಹೇಳು" ಅಂದಿದ್ದಾಳೆ.

ಎರಡು ವರ್ಷದ ಹಿಂದೆ, ರಾತ್ರಿ ಒಂಬತ್ತೂವರೆಗೆ ಕಿನ್ನಾಳದಿಂದ ಫೋನ್ ಬಂತು. ಕಿನ್ನಾಳ ಅಂದ್ರೆ ಕೊಪ್ಪಳದ ಹತ್ತಿರ, ಬಣ್ಣದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿರೋದು ನನ್ನ ಕಾಕಾನ ಮಗಳು, ಆಗ 38 ವರ್ಷ, ಇಬ್ಬರು ಮಕ್ಕಳು. ಫೋನ್ ಎತ್ತಿದ ಕೂಡಲೇ ಅಂದಳು: "ತಮ್ಮಾ, ಕುತ್ತಿಗ್ಯಾಗ ಕ್ಯಾನ್ಸರ್ ಐತಂತ. ಬರೂ ಸೋಮವಾರನ ಆಪರೇಶನ್ ಅಂದಾರ. ನಿಮ್ಮ ಮಾವ ಬಂಗಾರ ಅಡಾ ಇಡಾಕ ಹೊಂಟಾರ."

ನಾನು ಏನು ಹೇಳಬೇಕೋ ತಿಳಿಯದೆ, "ಎಷ್ಟು ದೊಡ್ಡದೈತಿ ಅಕ್ಕಾ?" ಅಂದೆ.

"ಅದನ್ನ ಯಾರ್ ಕೇಳ್ತಾರೋ, ಕ್ಯಾನ್ಸರ್ ಅಂದ ಮ್ಯಾಲೆ!"

ಅವಳ ಮಾತಲ್ಲಿ ತಪ್ಪೇನಿಲ್ಲ. ಆ ಶಬ್ದ ಕಿವಿಗೆ ಬಿದ್ದ ಮೇಲೆ ಅಳತೆ ಕೇಳುವಷ್ಟು ಸಮಾಧಾನ ಯಾರಿಗಿರುತ್ತೆ? ಆದರೆ ಥೈರಾಯ್ಡ್ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟಿನ ಫೋಟೊ ತರಿಸಿಕೊಂಡೆ. ಅದರಲ್ಲಿ ಇದ್ದದ್ದು 7 ಮಿಲಿಮೀಟರ್.

7 ಮಿಲಿಮೀಟರ್ ಅಂದ್ರೆ ಎಷ್ಟು? ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹಗುರ ಮರದ ತುಂಡುಗಳನ್ನು ಅಂಟಿಸಿ ಜೋಡಿಸೋಕೆ ಹುಣಸೆ ಬೀಜ ಅರೆದು, ಮರದ ಹೊಟ್ಟು ಸೇರಿಸಿ ಕಿಟ್ಟ ಮಾಡ್ತಾರೆ. ಆ ಹುಣಸೆ ಬೀಜ ಒಂದನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದರ ಅರ್ಧ. ಹೆಚ್ಚು ಕಡಿಮೆ ಒಂದು ತೊಗರಿ ಕಾಳಿನಷ್ಟು. ಅಕ್ಕನ ಮನೆಯಲ್ಲೂ ಗೊಂಬೆಗೆ ಬಣ್ಣ ಹಾಕುವ ಕೆಲಸ ಇದೆ, ಹಾಗಾಗಿ ಈ ಲೆಕ್ಕ ಅವಳಿಗೆ ಒಂದೇ ಏಟಿಗೆ ತಿಳೀತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಕೇಳ್ತಿರುವವರಿಗೂ ತಿಳಿದಿರುತ್ತೆ.

ಇಷ್ಟು ಸಣ್ಣದು ಸಿಕ್ಕಿದ್ದಾದರೂ ಹೇಗೆ? ಅದನ್ನು ಹುಡುಕಿಕೊಂಡು ಯಾರೂ ಹೋಗಿರಲಿಲ್ಲ. ದಿನವೆಲ್ಲ ಕತ್ತು ಬಗ್ಗಿಸಿ ಬಣ್ಣ ಹಚ್ಚಿ ಹಚ್ಚಿ ಅಕ್ಕನಿಗೆ ಕುತ್ತಿಗೆ ನೋವು ಬಂತು, ಕೈ ಜುಮ್ ಅನ್ನೋಕೆ ಶುರುವಾಯ್ತು. ಬೆನ್ನೆಲುಬು ನೋಡೋಕೆ ಅಂತ ಎಂಆರ್‌ಐ ಮಾಡಿಸಿದರು. ನೋವಿಗೆ ಕಾರಣ ಬೇರೆಯೇ ಇತ್ತು. ಆದರೆ ರಿಪೋರ್ಟಿನ ಕೊನೆ ಸಾಲಲ್ಲಿ "ಥೈರಾಯ್ಡ್‌ನ ಬಲಭಾಗದಲ್ಲಿ ಸಣ್ಣ ಗಂಟು" ಅಂತ ಬರೆದಿತ್ತು. ಸಣ್ಣ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಎಷ್ಟೋ ಹೀಗೇ ಸಿಗೋದು, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ. ಅದಕ್ಕೂ ನೋವಿಗೂ ಸಂಬಂಧ ಇರಲ್ಲ. ಮುಟ್ಟಿದರೆ ಕೈಗೂ ಸಿಗಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. "ನನ್ನ ಥೈರಾಯ್ಡ್ ನಾರ್ಮಲ್ ಇದೆ" ಅಂತ ನಾವು ಹೇಳೋದು ರಕ್ತದ ಟಿಎಸ್‌ಎಚ್ ಪರೀಕ್ಷೆ ನೋಡಿ. ಅದು ಹೇಳೋದು ಗ್ರಂಥಿ ಎಷ್ಟು ಕೆಲಸ ಮಾಡ್ತಿದೆ ಅನ್ನೋದನ್ನ. ಒಳಗೆ ಗಂಟು ಇದೆಯಾ, ಅದು ಎಂಥದ್ದು ಅನ್ನೋದನ್ನ ಅಲ್ಲ. ಅಕ್ಕನ ಟಿಎಸ್‌ಎಚ್ ಪೂರ್ತಿ ಸರಿಯಾಗಿತ್ತು. ಹಾಗೆಯೇ ಟಿಎಸ್‌ಎಚ್ ಏರುಪೇರಾಗಿ ದಿನಾ ಮಾತ್ರೆ ನುಂಗೋರಿಗೆಲ್ಲ ಕ್ಯಾನ್ಸರ್ ಇದೆ ಅಂತಲೂ ಅಲ್ಲ.

ಗಂಟು ಕಂಡರೆ ಮುಂದಿನ ಹೆಜ್ಜೆ ಕುತ್ತಿಗೆಯ ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಮಾಡ್ತಾರಲ್ಲ, ಅದೇ ಥರದ ಯಂತ್ರ, ನೋವಿಲ್ಲ, ವಿಕಿರಣ ಇಲ್ಲ. ಗಂಟು ಸುತ್ತಲಿನ ಭಾಗಕ್ಕಿಂತ ಕಪ್ಪಾಗಿ ಕಾಣ್ತಿದೆಯಾ, ಅಗಲಕ್ಕಿಂತ ಎತ್ತರ ಜಾಸ್ತಿಯಾ, ಅಂಚು ಕೊರೆದಂತೆ ಇದೆಯಾ, ಒಳಗೆ ಸಣ್ಣ ಬಿಳಿ ಚುಕ್ಕಿಗಳಿವೆಯಾ, ಇದನ್ನೆಲ್ಲ ನೋಡಿ ಅಂಕ ಕೊಡ್ತಾರೆ. ಆ ಅಂಕದ ಪದ್ಧತಿಗೆ ಟೈ-ರಾಡ್ಸ್ ಅಂತ ಹೆಸರು, 1ರಿಂದ 5. ಅಕ್ಕನದ್ದು 5, ಅಂದ್ರೆ ಅನುಮಾನ ಜಾಸ್ತಿ.

ಇಲ್ಲೊಂದು ಸ್ವಾರಸ್ಯ ಇದೆ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ 2017ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ, 5ನೇ ದರ್ಜೆಯ ಗಂಟಾದರೂ 1 ಸೆಂಟಿಮೀಟರ್ ಆಗುವ ತನಕ ಸೂಜಿ ಹಾಕೋದು ಬೇಡ, ಆಗಾಗ ಸ್ಕ್ಯಾನ್ ಮಾಡಿ ನೋಡಿದರೆ ಸಾಕು. ಅಮೆರಿಕದ ಥೈರಾಯ್ಡ್ ವೈದ್ಯರ ಸಂಘ 2015ರಲ್ಲೇ ಹೆಚ್ಚು ಕಡಿಮೆ ಇದನ್ನೇ ಹೇಳಿತ್ತು, ಕುತ್ತಿಗೆಯ ದುಗ್ಧ ಗ್ರಂಥಿಗಳಲ್ಲಿ ಅನುಮಾನ ಇದ್ದರೆ ಮಾತ್ರ ಬೇರೆ ಮಾತು. ಸೂಜಿ ಹಾಕಿದರೆ ಒಂದು ಹೆಸರು ಸಿಗುತ್ತೆ, ಹೆಸರು ಸಿಕ್ಕ ಮೇಲೆ ನಿದ್ದೆ ಬರಲ್ಲ ಅನ್ನೋದು ಇದರ ಹಿಂದಿನ ಯೋಚನೆ. ಜಪಾನಿನ ವೈದ್ಯರು ಇದನ್ನ ಒಪ್ಪಲ್ಲ. ಏನು ಅಂತ ಗೊತ್ತಿದ್ದರೆ ತಾನೇ ಸರಿಯಾಗಿ ಕಾಯೋಕಾಗೋದು ಅಂತಾರೆ. ನನಗೆ ಎರಡೂ ಸರಿ ಅನಿಸುತ್ತೆ. ಆದರೆ ಯಾವುದನ್ನು ಮಾಡುವ ಮುಂಚೆಯೂ ರೋಗಿಗೆ ಈ ವಿಷಯ ಹೇಳಬೇಕಲ್ವಾ? ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಸ್ಕ್ಯಾನ್ ಆದ ಮರುದಿನವೇ ಸೂಜಿ ಹಾಕಿದ್ದರು.

ಆ ಸೂಜಿ ಪರೀಕ್ಷೆಗೆ ಎಫ್‌ಎನ್‌ಎಸಿ ಅಂತಾರೆ. ಸ್ಕ್ಯಾನಿನಲ್ಲಿ ಗಂಟು ನೋಡ್ತಾ ನೋಡ್ತಾ ತೆಳು ಸೂಜಿಯಿಂದ ಒಂದಿಷ್ಟು ಜೀವಕೋಶ ತೆಗೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡೋದು. ಕೆಲವೇ ನಿಮಿಷದ ಕೆಲಸ, ಹೊಲಿಗೆ ಇಲ್ಲ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ" ಅಂತ ನಮ್ಮ ಕಡೆ ದೊಡ್ಡ ಭಯ ಇದೆ. ಥೈರಾಯ್ಡ್‌ನಲ್ಲಿ ಆ ಭಯಕ್ಕೆ ಪರೀಕ್ಷೆ ತಪ್ಪಿಸಿಕೊಳ್ಳುವ ಅಗತ್ಯ ಇಲ್ಲ. ಫಲಿತಾಂಶವನ್ನು ಬೆಥೆಸ್ಡಾ ಅನ್ನೋ ಪದ್ಧತಿಯಲ್ಲಿ 1ರಿಂದ 6ರವರೆಗೆ ಬರೀತಾರೆ. ಅಮೆರಿಕದ ಬೆಥೆಸ್ಡಾ ಅನ್ನೋ ಊರಲ್ಲಿ 2007ರಲ್ಲಿ ವೈದ್ಯರು ಸೇರಿ ಮಾಡಿಕೊಂಡ ಪಟ್ಟಿ ಅದು. 1 ಅಂದ್ರೆ ಜೀವಕೋಶ ಸಾಲಲಿಲ್ಲ, ಇನ್ನೊಮ್ಮೆ ಮಾಡಿ ಅಂತ. 2 ಅಂದ್ರೆ ಕ್ಯಾನ್ಸರ್ ಅಲ್ಲ. 3, 4 ಸಂದೇಹದ ಜಾಗ. 5 ಬಲವಾದ ಅನುಮಾನ. 6 ಅಂದ್ರೆ ಕ್ಯಾನ್ಸರ್ ಹೌದು. ಅಕ್ಕನದ್ದು 6, ಪ್ಯಾಪಿಲರಿ ಜಾತಿಯದ್ದು. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣೋದು ಇದೇ. 1 ಸೆಂಟಿಮೀಟರ್ ಅಥವಾ ಅದಕ್ಕಿಂತ ಸಣ್ಣದಿದ್ದರೆ ಮೈಕ್ರೊಕಾರ್ಸಿನೋಮ ಅಂತಾರೆ.

ಸರಿ, ಕ್ಯಾನ್ಸರ್ ಹೌದು. ಹಾಗಿದ್ದರೆ ಸೋಮವಾರ ಯಾಕೆ ಬೇಡ?

ಇದಕ್ಕೆ ಉತ್ತರ ಸಿಗಬೇಕಾದರೆ ಕಿನ್ನಾಳದಿಂದ ಸ್ವಲ್ಪ ದೂರ ಹೋಗಿ ಬರಬೇಕು. ಮೊದಲು ಫಿನ್‌ಲ್ಯಾಂಡ್. ಅಲ್ಲಿ 1985ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಮರಣೋತ್ತರ ಪರೀಕ್ಷೆಗೆ ಬಂದಿದ್ದ 101 ಜನರ ಥೈರಾಯ್ಡ್ ಗ್ರಂಥಿಗಳನ್ನು ತೆಳ್ಳಗೆ ಹೆಚ್ಚಿ ನೋಡಿದರು. ಅದರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಗ್ರಂಥಿಯಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಇತ್ತು. ಜೀವ ಇರುವ ತನಕ ಅದರ ಸುಳಿವೇ ಸಿಕ್ಕಿರಲಿಲ್ಲ. ಬೇರೆ ಬೇರೆ ದೇಶಗಳ ಇಂಥ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಪೂರ್ತಿ ಗ್ರಂಥಿ ಪರೀಕ್ಷಿಸಿದವರಲ್ಲಿ ಈ ಪ್ರಮಾಣ ಶೇ. 11ರಷ್ಟು ಬಂದಿದೆ. ಅದೂ ಕಡಿಮೆಯೇನಲ್ಲ. ಒಂದು ಕೆಂಪು ಬಸ್ಸು ತುಂಬಾ ದೊಡ್ಡವರು ಕೂತಿದ್ದರೆ ಅದರಲ್ಲಿ ನಾಲ್ಕೈದು ಮಂದಿ ಇದನ್ನು ಹೊತ್ತುಕೊಂಡೇ ಓಡಾಡ್ತಿರಬಹುದು, ಹಾಗೇ ಬದುಕಿ ಬೇರೆ ಕಾರಣಕ್ಕೆ ಸಾಯಬಹುದು.

ಹಾಗಾದರೆ ಎಲ್ಲರಿಗೂ ಸ್ಕ್ಯಾನ್ ಮಾಡಿದರೆ ಏನಾಗುತ್ತೆ? ದಕ್ಷಿಣ ಕೊರಿಯಾ ಅದನ್ನು ಮಾಡಿ ನೋಡಿತು, ಬೇಕು ಅಂತ ಅಲ್ಲ. 1999ರಲ್ಲಿ ಅಲ್ಲಿನ ಸರ್ಕಾರ ಬೇರೆ ಕ್ಯಾನ್ಸರ್‌ಗಳ ತಪಾಸಣೆ ಶುರು ಮಾಡಿತು. ಬಂದವರಿಗೆ ಆಸ್ಪತ್ರೆಗಳು "ಇನ್ನೊಂದಿಷ್ಟು ದುಡ್ಡು ಕೊಟ್ಟರೆ ಥೈರಾಯ್ಡ್ ಸ್ಕ್ಯಾನೂ ಮಾಡ್ತೀವಿ" ಅಂದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ 15 ಪಟ್ಟಾಗಿತ್ತು. ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಮಂದಿಗೆ "ನಿಮಗೆ ಕ್ಯಾನ್ಸರ್" ಅಂದರು. ಅವರಲ್ಲಿ ಬಹುತೇಕ ಎಲ್ಲರ ಕುತ್ತಿಗೆಗೂ ಕತ್ತರಿ ಬಿತ್ತು. ಇಷ್ಟೆಲ್ಲ ಹುಡುಕಿ ತೆಗೆದ ಮೇಲೆ ಸಾವು ಕಡಿಮೆ ಆಗಬೇಕಿತ್ತಲ್ವಾ? ಆಗಲಿಲ್ಲ, ಇದ್ದಷ್ಟೇ ಇತ್ತು. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಎದ್ದು ನಿಂತು ಈ ಸ್ಕ್ಯಾನ್ ನಿಲ್ಲಿಸಿ ಅಂದರು, ಪತ್ರಿಕೆಗಳಲ್ಲಿ ಚರ್ಚೆ ಆಯ್ತು, ಒಂದೇ ವರ್ಷದಲ್ಲಿ ಆಪರೇಶನ್‌ಗಳ ಸಂಖ್ಯೆ ಮೂರರಲ್ಲಿ ಒಂದು ಪಾಲು ಇಳೀತು.

ನಮ್ಮಲ್ಲಿ ಈಗ ಹಬ್ಬಕ್ಕೆ, ಹುಟ್ಟಿದಹಬ್ಬಕ್ಕೆ "ಅಪ್ಪ-ಅಮ್ಮನಿಗೆ ಫುಲ್ ಬಾಡಿ ಚೆಕಪ್ ಗಿಫ್ಟ್ ಕೊಡಿ" ಅನ್ನೋ ಜಾಹೀರಾತು ಫೋನಿಗೆ ಬರ್ತಾನೇ ಇರುತ್ತೆ. ಬಿಪಿ, ಸಕ್ಕರೆ ನೋಡಿಸಿ, ಖಂಡಿತ ನೋಡಿಸಿ. ಆದರೆ ಯಾವ ತೊಂದರೆಯೂ ಇಲ್ಲದವರ ಕುತ್ತಿಗೆಗೆ ಸ್ಕ್ಯಾನ್ ಬೇಡ ಅಂತ ಅಮೆರಿಕದ ತಪಾಸಣಾ ಕಾರ್ಯಪಡೆ 2017ರಲ್ಲಿ ನೇರವಾಗಿಯೇ ಹೇಳಿದೆ.

ಈಗ ಜಪಾನ್. ಕೋಬೆ ನಗರದಲ್ಲಿ ಕುಮಾ ಆಸ್ಪತ್ರೆ ಅಂತ ಇದೆ, ಥೈರಾಯ್ಡ್‌ಗೇ ಮೀಸಲು. ಅಲ್ಲಿನ ಡಾ. ಅಕಿರಾ ಮಿಯಾವುಚಿ 1993ರಲ್ಲಿ ಒಂದು ಮಾತು ಮುಂದಿಟ್ಟರು: ಈ ಸಣ್ಣ ಕ್ಯಾನ್ಸರ್‌ಗಳನ್ನು ಕೂಡಲೇ ಕೊಯ್ಯದೆ, ಕಣ್ಣಿಟ್ಟು ಕಾಯೋಣ. ಬೆಳೆದರೆ ಆಗ ಕೊಯ್ದರಾಯ್ತು. ಆ ಕಾಲಕ್ಕೆ ಇದು ಸಣ್ಣ ಧೈರ್ಯ ಅಲ್ಲ. ಹಾಗೆ ಕಾದ 1,235 ರೋಗಿಗಳ ಲೆಕ್ಕ 2014ರಲ್ಲಿ ಹೊರಬಂತು. ಹತ್ತು ವರ್ಷದಲ್ಲಿ 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆಳೆದದ್ದು ಶೇ. 8ರಷ್ಟು ಮಂದಿಯಲ್ಲಿ. ಕುತ್ತಿಗೆಯ ದುಗ್ಧ ಗ್ರಂಥಿಗೆ ಹೋದದ್ದು ಶೇ. 3.8ರಷ್ಟು ಮಂದಿಯಲ್ಲಿ. ಅವರಲ್ಲಿ ಥೈರಾಯ್ಡ್ ಕ್ಯಾನ್ಸರ್‌ನಿಂದ ಸತ್ತವರು ಒಬ್ಬರೂ ಇಲ್ಲ. ಬೆಳೆದ ಮೇಲೆ ಆಪರೇಶನ್ ಮಾಡಿಸಿಕೊಂಡವರೂ ಚೆನ್ನಾಗೇ ಇದ್ದರು. ಅಂದ್ರೆ ಕಾದಿದ್ದರಿಂದ ಅವರಿಗೇನೂ ನಷ್ಟ ಆಗಿರಲಿಲ್ಲ. ಕಾಯುವ ಈ ಪದ್ಧತಿಗೆ ಈಗ ಆ್ಯಕ್ಟಿವ್ ಸರ್ವೇಲೆನ್ಸ್ ಅಂತಾರೆ.

ಆದರೆ ತಡೀರಿ, ನೀವು ಇಪ್ಪತ್ತರ ವಯಸ್ಸಿನವರಾದರೆ ಈಗ ಹೇಳೋದು ನಿಮಗೆ. ಬೇರೆ ಕ್ಯಾನ್ಸರ್‌ಗಳಲ್ಲಿ ವಯಸ್ಸಾದಷ್ಟೂ ಅಪಾಯ ಜಾಸ್ತಿ ಅಂತ ಕೇಳಿರ್ತೀವಿ. ಈ ಸಣ್ಣ ಗಂಟು ಬೆಳೆಯುವ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ. ಕುಮಾ ಆಸ್ಪತ್ರೆಯವರ ಅಂದಾಜಿನ ಪ್ರಕಾರ, ಇಪ್ಪತ್ತರ ಹರೆಯದಲ್ಲಿ ಪತ್ತೆಯಾದರೆ ಜೀವಮಾನದಲ್ಲಿ ಯಾವಾಗಲಾದರೂ ಅದು ಮುಂದುವರಿಯುವ ಸಾಧ್ಯತೆ ಹತ್ತಿರ ಹತ್ತಿರ ಶೇ. 49. ಮೂವತ್ತರವರಿಗೆ ಶೇ. 25. ನಲವತ್ತರವರಿಗೆ ಶೇ. 21. ಎಪ್ಪತ್ತರವರಿಗೆ ಶೇ. 4ಕ್ಕೂ ಕಡಿಮೆ. ಹಾಗಾಗಿ ಅಜ್ಜಿಗೆ ಹೇಳಿದ ಮಾತನ್ನೇ ಮೊಮ್ಮಗಳಿಗೂ ಹೇಳೋಕಾಗಲ್ಲ. ಚಿಕ್ಕ ವಯಸ್ಸಿನವರು ಕಾಯಬಾರದು ಅಂತಲ್ಲ, ಕಾದರೆ ಮುಂದೆ ಆಪರೇಶನ್ ಬರಬಹುದು ಅಂತ ತಿಳಿದೇ ಕಾಯಬೇಕು.

ಯಾರು ಕಾಯಲೇಬಾರದು? ಗಂಟು ಶ್ವಾಸನಾಳಕ್ಕೆ ಅಂಟಿಕೊಂಡಿದ್ದರೆ, ಧ್ವನಿಪೆಟ್ಟಿಗೆಗೆ ಹೋಗುವ ನರದ ದಾರಿಯಲ್ಲಿ ಕೂತಿದ್ದರೆ, ದುಗ್ಧ ಗ್ರಂಥಿಗೆ ಆಗಲೇ ಹೋಗಿದ್ದರೆ, ಸೂಜಿ ಪರೀಕ್ಷೆಯಲ್ಲಿ ಉಗ್ರ ಜಾತಿಯದ್ದು ಅಂತ ಬಂದಿದ್ದರೆ, ಇವರೆಲ್ಲ ಆಪರೇಶನ್ ಮಾಡಿಸಿಕೊಳ್ಳಬೇಕು. ಮೆಡ್ಯುಲರಿ, ಅನಾಪ್ಲಾಸ್ಟಿಕ್ ಅನ್ನೋ ಥೈರಾಯ್ಡ್ ಕ್ಯಾನ್ಸರ್‌ಗಳೂ ಇವೆ. ಅಪರೂಪ, ಆದರೆ ಅವುಗಳ ಕಥೆಯೇ ಬೇರೆ, ಈ ಸಂಚಿಕೆಯ ಯಾವ ಮಾತೂ ಅವಕ್ಕೆ ಹೊಂದಲ್ಲ. ಮತ್ತೆ, ಕುತ್ತಿಗೆಯಲ್ಲಿ ಗಂಟು ಕಣ್ಣಿಗೆ ಕಾಣುವಂತೆ ಬೇಗ ಬೆಳೀತಿದ್ದರೆ, ಮೂರು ವಾರ ಕಳೆದರೂ ಗಂಟಲು ಒಡೆದೇ ಇದ್ದರೆ, ನುಂಗೋಕೆ ಕಷ್ಟ ಆದರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಶನ್ ಕೊಟ್ಟಿದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇದ್ದಿದ್ದರೆ, ನನ್ನ ಮಾತು ಕೇಳ್ಕೊಂಡು ಕೂರಬೇಡಿ. ಹೋಗಿ ತೋರಿಸಿ.

ಆಪರೇಶನ್ ಅಂದ್ರೂ ಒಂದೇ ಥರ ಇಲ್ಲ. ಥೈರಾಯ್ಡ್ ಚಿಟ್ಟೆಯ ಆಕಾರದ್ದು, ಎರಡು ರೆಕ್ಕೆ. ಸಣ್ಣ ಕ್ಯಾನ್ಸರ್ ಒಂದೇ ರೆಕ್ಕೆಯಲ್ಲಿದ್ದರೆ ಆ ಒಂದು ರೆಕ್ಕೆ ತೆಗೆದರೆ ಸಾಕು. ಉಳಿದ ಅರ್ಧ ಬಹಳಷ್ಟು ಮಂದಿಗೆ ಸಾಕಾಗುತ್ತೆ, ಕೆಲವರಿಗೆ ಮಾತ್ರ ಮಾತ್ರೆ ಬೇಕಾಗುತ್ತೆ. ಅಕ್ಕನಿಗೆ ಹೇಳಿದ್ದು ಪೂರ್ತಿ ತೆಗೆಯೋದು. ಪೂರ್ತಿ ತೆಗೆದರೆ ಜೀವನವಿಡೀ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ. ಗ್ರಂಥಿಯ ಹಿಂದೆ ಅಂಟಿಕೊಂಡೇ ನಾಲ್ಕು ಪ್ಯಾರಾಥೈರಾಯ್ಡ್‌ಗಳಿವೆ, ಕ್ಯಾಲ್ಸಿಯಂ ನೋಡಿಕೊಳ್ಳುವಂಥವು. ಅವಕ್ಕೆ ಪೆಟ್ಟಾದರೆ ಕೈ ಬೆರಳು ಸೆಟೆದುಕೊಳ್ಳುತ್ತೆ. ಬಣ್ಣದ ಕುಂಚ ಹಿಡಿದು ಗೊಂಬೆಗೆ ಕಣ್ಣು ಬರೆಯುವವಳಿಗೆ ಇದು ಎಷ್ಟು ದೊಡ್ಡ ಮಾತು ಅಂತ ಯೋಚಿಸಿ. ನುರಿತವರ ಕೈಯಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಕುಮಾ ಆಸ್ಪತ್ರೆಯಲ್ಲೇ ಕೂಡಲೇ ಆಪರೇಶನ್ ಆದವರಲ್ಲಿ ಶೇ. 4ರಷ್ಟು ಮಂದಿಗೆ ಸ್ವಲ್ಪ ಕಾಲ ಧ್ವನಿಯ ನರ ಕೆಲಸ ನಿಲ್ಲಿಸಿತ್ತು. ಕಾದವರಲ್ಲಿ ಇದು ಶೇ. 1ಕ್ಕಿಂತ ಕಡಿಮೆ.

ಮೊದಲು ನೋಡಿದ ಡಾಕ್ಟರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಆಪರೇಶನ್ನೂ ಸರಿಯಾದ ಚಿಕಿತ್ಸೆಯೇ. ಸರಿ ಇಲ್ಲದ್ದು ಆ ಸೋಮವಾರ. ಪ್ಯಾಪಿಲರಿ ಕ್ಯಾನ್ಸರ್ ಇರುವ 55 ವರ್ಷದೊಳಗಿನವರಿಗೆ, ದೂರದ ಅಂಗಗಳಿಗೆ ಹರಡಿಲ್ಲ ಅಂದ್ರೆ, ಸ್ಟೇಜ್ 1 ಅಂತಲೇ ಲೆಕ್ಕ. ಆ ವಯಸ್ಸಿನವರಿಗೆ ಸ್ಟೇಜ್ 3, ಸ್ಟೇಜ್ 4 ಅನ್ನೋದೇ ಇಲ್ಲ. 7 ಮಿಲಿಮೀಟರ್ ಗಂಟಿಗೆ ಒಂದು ತಿಂಗಳು ಯೋಚನೆ ಮಾಡಿದರೆ ಏನೂ ಆಗಲ್ಲ. ಬಂಗಾರ ಅಡವು ಇಡೋದಂತೂ ಬೇಡವೇ ಬೇಡ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ, ಕೊಪ್ಪಳದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ.

ಅಕ್ಕ ಆ ಸೋಮವಾರ ಹೋಗಲಿಲ್ಲ. ಹುಬ್ಬಳ್ಳಿ ರೈಲು ಹತ್ತಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಸ್ಕ್ಯಾನ್ ಇನ್ನೊಮ್ಮೆ ಮಾಡಿ, ಗಂಟು ಶ್ವಾಸನಾಳದಿಂದಲೂ ನರದಿಂದಲೂ ದೂರ ಇದೆ, ದುಗ್ಧ ಗ್ರಂಥಿಗಳೆಲ್ಲ ಶುದ್ಧ ಇವೆ ಅಂದರು. ಎರಡು ದಾರಿ ಮುಂದಿಟ್ಟರು: ಬಲರೆಕ್ಕೆ ಮಾತ್ರ ತೆಗೆಯೋದು, ಇಲ್ಲ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡ್ತಾ ಕಾಯೋದು. ನಿರ್ಧಾರ ನಿಮ್ಮದು, ಯಾವುದು ಆರಿಸಿದರೂ ನಾನು ಇದ್ದೀನಿ ಅಂದರಂತೆ. ಅಕ್ಕ ಹದಿನೈದು ದಿನ ತಗೊಂಡಳು. ಮಗಳ ಎಸ್ಸೆಸ್ಸೆಲ್ಸಿ ಇತ್ತು. ಕಾಯ್ತೀನಿ ಅಂದಳು.

ಚಿಗವ್ವ ಮಾತ್ರ ಇವತ್ತಿಗೂ ಒಪ್ಪಿಲ್ಲ. "ಮನ್ಯಾಗ ಹಾವು ಹೊಕ್ಕೈತಿ ಅಂತ ಗೊತ್ತಿದ್ದೂ ಹೆಂಗ ಮಲಗೂದು?" ಅಂತಾಳೆ. ಇದಕ್ಕೆ ನನ್ನ ಹತ್ತಿರ ಅಂಕಿ-ಅಂಶದ ಉತ್ತರ ಇಲ್ಲ. ಕೆಲವರಿಗೆ ಈ ಯೋಚನೆಯೇ ಹಗಲು ರಾತ್ರಿ ತಿನ್ನುತ್ತೆ. ಅಂಥವರಿಗೆ ಅರ್ಧ ಗ್ರಂಥಿ ತೆಗೆಸಿಕೊಂಡು ನಿದ್ದೆ ಮಾಡೋದೇ ಒಳ್ಳೆಯದು, ಅದರಲ್ಲಿ ಸೋಲೇನೂ ಇಲ್ಲ. ಇನ್ನು ಕೆಲವರು ಸ್ಕ್ಯಾನಿಗೆ ಬರೋದನ್ನೇ ಮರೀತಾರೆ. ಅವರಿಗೂ ಕಾಯೋದು ಹೊಂದಲ್ಲ. ಮುಂದಿನ ತಾರೀಖು ಬರೆದಿಟ್ಟುಕೊಂಡು, ಬಸ್ ಚಾರ್ಜು ಎತ್ತಿಟ್ಟು, ಕೂಲಿ ಬಿಟ್ಟಾದರೂ ಹೋಗಬೇಕು. ಇಲ್ಲಾಂದ್ರೆ ಅದು ಕಾಯೋದಲ್ಲ, ಕೈಬಿಡೋದು.

ಇಲ್ಲಿಯವರೆಗೆ ನಾಲ್ಕು ಸ್ಕ್ಯಾನ್ ಆಗಿದೆ. 7, 7, 6, ಮತ್ತೆ ಕಳೆದ ಸಲ 8. ಆ 8 ನೋಡಿ ಮನೆಯಲ್ಲಿ ಎರಡು ದಿನ ಒಲೆ ಸರಿಯಾಗಿ ಉರೀಲಿಲ್ಲ. ಡಾಕ್ಟರು ಹೇಳಿದ್ದು: ಸ್ಕ್ಯಾನ್ ಮಾಡುವ ಕೈ ಬದಲಾದರೆ, ಯಂತ್ರ ಬದಲಾದರೆ ಒಂದು ಮಿಲಿಮೀಟರ್ ಆಚೆ ಈಚೆ ಆಗೇ ಆಗುತ್ತೆ. 3 ಮಿಲಿಮೀಟರ್ ಹೆಚ್ಚಾದರೆ ಬೆಳೀತಿದೆ ಅಂತ ಲೆಕ್ಕ, ಆಗ ಕೂತು ಮಾತಾಡೋಣ. ಅಕ್ಕ ಈಗ ರಿಪೋರ್ಟ್ ಬಂದ ಕೂಡಲೇ ಮೊದಲು ಅಂಕಿ ಹುಡುಕ್ತಾಳೆ. ಹಳೆಯದ್ದನ್ನೆಲ್ಲ ಪಕ್ಕದಲ್ಲಿಟ್ಟು ಹೋಲಿಸ್ತಾಳೆ. ಸ್ಕ್ಯಾನನ್ನು ಆದಷ್ಟೂ ಒಂದೇ ಕಡೆ ಮಾಡಿಸಬೇಕು ಅನ್ನೋದು ಅವಳೇ ಕಂಡುಕೊಂಡ ಉಪಾಯ, ಡಾಕ್ಟರೂ ಹೌದು ಅಂದರು.

ಮೊನ್ನೆ ಕಿನ್ನಾಳಕ್ಕೆ ಹೋಗಿದ್ದೆ. ಅಂಗಳದಲ್ಲಿ ಗೊಂಬೆಗಳು ಬಿಸಿಲಿಗೆ ಒಣಗ್ತಾ ಇದ್ದವು. ಈ ಸಂಚಿಕೆ ಮಾಡ್ತೀನಿ ಅಂದಾಗ ಅಕ್ಕ ಒಂದೇ ಮಾತು ಸೇರಿಸು ಅಂದಳು: "ಎಷ್ಟು ದೊಡ್ಡದೈತಿ, ಎಲ್ಲಿ ಐತಿ, ಎಷ್ಟು ದಿನ ಟೈಮ್ ಐತಿ, ಈ ಮೂರು ಕೇಳಾಕ ಹೇಳು." ಐದನೇ ಸ್ಕ್ಯಾನ್ ದೀಪಾವಳಿ ಆದ ಮೇಲೆ.